ಬಣ್ಣದ ಮೇಡಂ ಮತ್ತು ಅರ್ಧ ಕೆಂಪು ವೃತ್ತ

ಅಪ್ಪ ಅಮ್ಮ ಪ್ರೀತಿಯಿಂದ ಇಟ್ಟ ಹೆಸರೊಂದು ಆಕೆಗೂ ಇತ್ತು. ಆದರೆ ಸಂಬಳದ ಚೀಟಿಯ ಮೇಲೆ ಬಿಟ್ಟರೆ ಕಾಲೇಜಿನಲ್ಲಿ ಬೇರೆಲ್ಲೂ ಅದಕ್ಕೆ ಕೆಲಸವಿರಲಿಲ್ಲ. ಅಟೆಂಡರ್‌ನಿಂದ ಹಿಡಿದು ಪ್ರಾಂಶುಪಾಲರವರೆಗೆ ಎಲ್ಲರ ಬಾಯಲ್ಲೂ ಆಕೆ ಬಣ್ಣದ ಮೇಡಂ. ಹೊಸಬರು ಈ ಹೆಸರು ಕೇಳಿ ಯಾರೋ ಚಿತ್ರಕಲೆಯ ಟೀಚರ್ ಇರಬೇಕು ಅಂದುಕೊಳ್ಳುತ್ತಿದ್ದರು. ಪಾಪ, ಆಕೆ ಕಲಿಸುತ್ತಿದ್ದದ್ದು ಸಂಖ್ಯಾಶಾಸ್ತ್ರ. ಅದನ್ನೇ ಓದಿ, ಅದರಲ್ಲೇ ದೊಡ್ಡ ಪದವಿ ಪಡೆದು, ಹುಡುಗರಿಗೆ ಲೆಕ್ಕದ ರುಚಿ ಹತ್ತಿಸುತ್ತೇನೆ ಎಂದು ಹುರುಪಿನಿಂದ ಬಂದವಳ ತಲೆಗೆ ಕಾಲೇಜು ಕಟ್ಟಿದ್ದು ಮಾತ್ರ ಬಣ್ಣ.

ಎಲ್ಲ ಶುರುವಾದದ್ದು ಒಂದು ಪ್ರೊಜೆಕ್ಟರ್ ತಂತಿಯಿಂದ. ಪ್ರತಿ ಟರ್ಮಿನ ಕೊನೆಗೆ ಹುಡುಗರು ಒಂದೊಂದು ವಿಷಯದ ಪಾಠಕ್ಕೂ ಒಂದರಿಂದ ಐದರವರೆಗೆ ಅಂಕ ಹಾಕಿ ಫೀಡ್‌ಬ್ಯಾಕ್ ಹಾಳೆ ತುಂಬಿಕೊಡುವುದು ಆ ಕಾಲೇಜಿನ ರೂಢಿ. ಮೇಷ್ಟ್ರು ಹೊತ್ತಿಗೆ ಸರಿಯಾಗಿ ಬರುತ್ತಾರಾ, ಹೇಳಿದ್ದು ತಲೆಗೆ ಹತ್ತುತ್ತದಾ, ಪಾಠ ಮುಗಿಸಿದರಾ, ಇಂಥವು. ಆ ಹಾಳೆಗಳನ್ನು ಕಟ್ಟು ಕಟ್ಟಿ ಸ್ಟೋರ್ ರೂಮಿಗೆ ಹಾಕುತ್ತಿದ್ದರು, ಇಲಿಗಳು ಓದುತ್ತಿದ್ದವು. ಆಮೇಲೆ ಬಂದ ಪ್ರಾಂಶುಪಾಲರಿಗೆ ಹೊಸದೊಂದು ಹುಕಿ ಹತ್ತಿತು: ವರ್ಷಕ್ಕೊಮ್ಮೆ ಸೇರುವ ಆಡಳಿತ ಮಂಡಳಿಗೆ ಇದನ್ನೆಲ್ಲ ಚಿತ್ರ ಮಾಡಿ ತೋರಿಸಬೇಕು. "ಅಂಕಿ ಯಾರು ಓದ್ತಾರ್ರೀ? ಕಣ್ಣಿಗೆ ರಾಚಬೇಕು," ಎಂದು ಮೀಟಿಂಗಿನಲ್ಲಿ ಮೇಜು ಕುಟ್ಟಿದರು. "ಕಂಪ್ಯೂಟರ್ ಚೆನ್ನಾಗಿ ಬಲ್ಲೋರು ಯಾರಿದ್ದೀರಿ?" ಎಂದು ಕೇಳಿದಾಗ ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಆಕೆ ಆ ಹೊತ್ತಿಗೆ ಸರಿಯಾಗಿ ಎದ್ದು ನಿಂತು, ಕಳಚಿಹೋಗಿದ್ದ ಪ್ರೊಜೆಕ್ಟರ್ ತಂತಿಯನ್ನು ಸಿಕ್ಕಿಸುತ್ತಿದ್ದಳು. ಅಷ್ಟೇ ಸಾಕಾಯಿತು.

ಮೊದಲ ವರ್ಷ ಖುಷಿಯಿಂದಲೇ ಮಾಡಿದಳು, ಸುಳ್ಳೇಕೆ ಹೇಳಬೇಕು. ಒಂದೊಂದು ಪಾಠಕ್ಕೂ ಒಂದು ವೃತ್ತ. ನಾಲ್ಕು, ಐದು ಅಂಕ ಕೊಟ್ಟವರ ಪಾಲು ಹಸಿರು, ಮೂರು ಕೊಟ್ಟವರದ್ದು ಹಳದಿ, ಅದಕ್ಕಿಂತ ಕಡಿಮೆ ಕೊಟ್ಟವರದ್ದು ಕೆಂಪು. ನೂರಾರು ಹುಡುಗರಿರುವ ಪಾಠಕ್ಕೆ ದೊಡ್ಡ ವೃತ್ತ, ಹತ್ತಿಪ್ಪತ್ತು ಜನರ ಪಾಠಕ್ಕೆ ಚಿಕ್ಕ ವೃತ್ತ. ನೋಡಿದ ತಕ್ಷಣ ಎಷ್ಟು ಜನರ ಮಾತು ಇದು ಎಂದು ತಿಳಿಯಬೇಕಲ್ಲ, ಅದಕ್ಕೆ. ವೃತ್ತಗಳನ್ನೆಲ್ಲ ಸೇರಿಸಿದ ಪುಸ್ತಕ ಅಚ್ಚಾಗಿ ಬಂದಾಗ ಪ್ರಾಂಶುಪಾಲರು ಅದನ್ನು ಹಸುಗೂಸಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ಎತ್ತಾಡಿಸಿದರು. "ನೀವಿಲ್ಲದಿದ್ರೆ ಈ ಕಾಲೇಜೇ ಇಲ್ಲ ಮೇಡಂ," ಎಂದರು. ಆಕೆ ಉಬ್ಬಿಹೋದಳು. ಉಬ್ಬಿದ್ದಕ್ಕೆ ಅಲ್ಲಿಂದಾಚೆ ಪ್ರತಿ ವರ್ಷವೂ ದಂಡ ಕಟ್ಟಿದಳು.

ಏಕೆಂದರೆ ಬಣ್ಣ ಎಂದ ಮೇಲೆ ಎಲ್ಲರಿಗೂ ಒಂದೊಂದು ಅಭಿಪ್ರಾಯ. ಅಂಕಿಗಳ ಬಗ್ಗೆ ತುಟಿ ಬಿಚ್ಚದವರೆಲ್ಲ ಬಣ್ಣದ ವಿಷಯಕ್ಕೆ ಬಾಯಿ ತೆಗೆದರು. ಪ್ರಾಂಶುಪಾಲರಿಗೆ ಹಸಿರು ಆಸ್ಪತ್ರೆಯ ಗೋಡೆಯ ಹಾಗೆ ಕಂಡಿತು, ಬದಲಿಸಿದ್ದಾಯಿತು. ಬದಲಿಸಿದ ಹಸಿರು ಪಾಚಿಯ ಹಾಗೆ ಕಂಡಿತು, ಮತ್ತೆ ಬದಲಿಸಿದ್ದಾಯಿತು. ಗಣಿತದ ಹಿರಿಯ ಮೇಷ್ಟ್ರಂತೂ ಸ್ಟಾಫ್ ರೂಮಿನ ಮೂಲೆಗೆ ಕರೆದು, ಗುಟ್ಟು ಹೇಳುವವರ ಹಾಗೆ, "ಅಲ್ಲಮ್ಮ, ನನ್ನ ಹಳದಿ ಒಂಚೂರು ಹಸಿರಿನ ಕಡೆ ವಾಲಿಸೋಕಾಗಲ್ವಾ? ಇನ್ನೇನು ರಿಟೈರ್ ಆಗೋನು ನಾನು," ಎಂದು ಕೈ ಹಿಡಿದುಕೊಂಡರು. ಅವರಿಗೆ ಏನು ಹೇಳಿ ಸಮಾಧಾನ ಮಾಡುವುದು? "ನೋಡೋಣ ಸರ್" ಎಂದು ತಪ್ಪಿಸಿಕೊಂಡು ಬಂದು, ಟಾಯ್ಲೆಟ್ಟಿನಲ್ಲಿ ಮುಖಕ್ಕೆ ನೀರು ಚಿಮುಕಿಸಿಕೊಂಡು ಹಲ್ಲು ಕಡಿದಳು.

ಮನೆಯಲ್ಲೂ ಈ ಪುಸ್ತಕದ ಕಾಟ ತಪ್ಪಿರಲಿಲ್ಲ. ಸಂಜೆ ಊಟದ ಮೇಜಿನ ಒಂದು ತುದಿಯಲ್ಲಿ ಒಂದನೇ ಕ್ಲಾಸಿನ ಮಗಳು ಬಣ್ಣದ ಪೆನ್ಸಿಲ್ ಹರಡಿಕೊಂಡು ಕೂತಿದ್ದರೆ, ಇನ್ನೊಂದು ತುದಿಯಲ್ಲಿ ಆಕೆ ಲ್ಯಾಪ್‌ಟಾಪ್ ತೆರೆದು ಕೂರುತ್ತಿದ್ದಳು. ನಡುವೆ ಕೂತು ತರಕಾರಿ ಹೆಚ್ಚುವ ಅತ್ತೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡುತ್ತಿದ್ದರು.

"ಬಣ್ಣ ತುಂಬೋಕೆ ಇಷ್ಟೆಲ್ಲ ಓದ್ಬೇಕಿತ್ತೇನಮ್ಮ?" ಎಂದರು ಒಂದು ದಿನ. "ನಿನ್ನ ಮಗಳು ಏನೂ ಓದದೇನೇ ಗೆರೆ ದಾಟದ ಹಾಗೆ ತುಂಬ್ತಾಳೆ."

"ಅತ್ತೆ, ಇದು ಹಾಗಲ್ಲ, ಇದರಲ್ಲಿ ಲೆಕ್ಕ ಇದೆ."

"ಇರ್ಲಿ ಇರ್ಲಿ. ಲೆಕ್ಕ ಇರೋದು ಯಾರಿಗಾದ್ರೂ ಗೊತ್ತಾಗುತ್ತಾ?"

ಔಷಧಿ ಅಂಗಡಿ ಮುಚ್ಚಿ ಬಂದ ಗಂಡ, ಇದೆಲ್ಲ ಕೇಳಿ, ಪ್ರತಿ ಸಲವೂ ಒಂದೇ ಔಷಧಿ ಹೇಳುತ್ತಿದ್ದ: "ಆಗಲ್ಲ ಅಂದ್ಬಿಡು. ಏನು ಗಂಟು ಹೋಗುತ್ತೆ?" ಹೇಳುವುದು ಸುಲಭ. ಕೌಂಟರಿನ ಆಚೆ ನಿಂತವರಿಗೆ ಸ್ಟಾಕ್ ಇಲ್ಲ ಎಂದು ಕೈಯಾಡಿಸಿ ಕಳಿಸುವವನಿಗೆ, ಎದುರು ಕುರ್ಚಿಯಲ್ಲಿ ಕೂತು ನಗುವ ಪ್ರಾಂಶುಪಾಲರಿಗೆ ಇಲ್ಲ ಎನ್ನುವುದು ಎಷ್ಟು ಕಷ್ಟ ಎಂದು ಹೇಗೆ ಗೊತ್ತಾಗಬೇಕು?

ಇಷ್ಟೆಲ್ಲ ಕಿರಿಕಿರಿಯ ನಡುವೆ ಆಕೆ ಜೀವ ಹಿಡಿದುಕೊಂಡಿದ್ದದ್ದು ಒಂದೇ ಒಂದು ಪಾಠದ ಮೇಲೆ. ಕೊನೆಯ ವರ್ಷದ ಹುಡುಗರು ಬೇಕಿದ್ದರೆ ಆರಿಸಿಕೊಳ್ಳಬಹುದಾದ ಪಾಠ ಅದು: ಸಮೀಕ್ಷೆ ಮಾಡುವುದು ಹೇಗೆ, ಜನರನ್ನು ಕೇಳುವುದು ಹೇಗೆ, ಕೇಳಿದ್ದನ್ನು ಎಣಿಸುವುದು ಹೇಗೆ. ಆಕೆಯೇ ಹೊಸದಾಗಿ ರೂಪಿಸಿ, ಹೋರಾಡಿ ತಂದದ್ದು. ಮೇಲಿನ ಮಹಡಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕ, ಫ್ಯಾನ್ ಹಾಕಿದರೆ ಮಾತು ಕೇಳಿಸದ, ಆರಿಸಿದರೆ ಬೆವರಿಳಿಯುವ ಒಂದು ಕೋಣೆ ಅದಕ್ಕೆ ಸಿಕ್ಕಿತ್ತು. ಹಿಂದಿನ ವರ್ಷ ಬೆಂಚು ತುಂಬುವಷ್ಟು ಹುಡುಗರಿದ್ದರು. ಈ ವರ್ಷ ಬಂದವರು ನಾಲ್ಕೇ ಜನ. ಆದರೇನಂತೆ, ನಾಲ್ವರೂ ಕೇಳಿದ್ದಕ್ಕೆಲ್ಲ ಎದುರು ಪ್ರಶ್ನೆ ಹಾಕುವವರು. ಅವರ ಮುಂದೆ ನಿಂತಾಗ ಮಾತ್ರ ಆಕೆಗೆ ತಾನು ಓದಿದ್ದು ಯಾಕೆ ಎಂದು ನೆನಪಾಗುತ್ತಿತ್ತು.

ಮೊದಲ ದಿನವೇ ಅವರಿಗೆ ಹೇಳಿದ್ದಳು: "ಯಾರಾದ್ರೂ ಹಾಳೆ ಕೊಟ್ಟು ಅಂಕ ಕೇಳಿದ್ರೆ ಮುಖ ನೋಡಿ ಕೊಡ್ಬೇಡಿ. ಪಾಪ ಅಂತ ಕೊಟ್ಟ ಐದು, ಸಿಟ್ಟಲ್ಲಿ ಕೊಟ್ಟ ಒಂದು, ಎರಡೂ ಕಸವೇ." ಕಾಲೇಜಿನ ಉಳಿದ ಹುಡುಗರೆಲ್ಲ ಫೀಡ್‌ಬ್ಯಾಕ್ ಹಾಳೆ ಕೈಗೆ ಬಂದ ಕೂಡಲೆ ಪ್ರಶ್ನೆಯನ್ನೂ ಓದದೆ ಐದು, ಐದು, ಐದು ಎಂದು ಮೇಲಿಂದ ಕೆಳಗೆ ಗೀಚಿ ಕ್ಯಾಂಟೀನಿಗೆ ಓಡುವವರು. ಅವರ ವೃತ್ತಗಳೆಲ್ಲ ಹಚ್ಚ ಹಸಿರು.

ಈ ವರ್ಷ ಪುಸ್ತಕದ ಕೆಲಸ ಶುರುವಾಗುತ್ತಲೇ ಪ್ರಾಂಶುಪಾಲರು ಎರಡು ಬದಲಾವಣೆ ಹೇಳಿದರು. ಒಂದು, ಹಾಳೆಯ ಕೊನೆಗೆ ಹುಡುಗರು ತಮಗನಿಸಿದ್ದು ಬರೆಯಲು ಬಿಟ್ಟಿದ್ದ ಜಾಗ ತೆಗೆಯಬೇಕು. "ಮಾತು ಚಿತ್ರಕ್ಕೆ ಬರಲ್ವಲ್ಲ ಮೇಡಂ, ಸುಮ್ನೆ ಯಾಕೆ?" ಆಕೆ ಇದಕ್ಕೆ ತಕರಾರೆತ್ತಲಿಲ್ಲ. ಕಾಗೆ ಕಾಲು ಗುಬ್ಬಿ ಕಾಲಿನ ಆ ಅಕ್ಷರಗಳನ್ನು ಓದಿ ಟೈಪ್ ಮಾಡುವ ಪಾಡು ತಪ್ಪಿತಲ್ಲ ಎಂದು ಒಳಗೊಳಗೇ ನಿಟ್ಟುಸಿರು ಬಿಟ್ಟಳು. ಎರಡನೆಯದು, ವೃತ್ತಗಳೆಲ್ಲ ಒಂದೇ ಅಳತೆಯಲ್ಲಿರಬೇಕು.

"ಸರ್, ಹಾಗೆ ಮಾಡಿದ್ರೆ ಹತ್ತು ಜನರ ಮಾತೂ ಇನ್ನೂರು ಜನರ ಮಾತೂ ಒಂದೇ ಥರ ಕಾಣುತ್ತೆ."

"ಕಾಣ್ಲಿ ಬಿಡಿ. ಚಿಕ್ಕದು ದೊಡ್ಡದು ಇದ್ರೆ ಪುಟ ನೋಡೋಕೆ ಗೊಂದಲ. ಮಂಡಳಿಯವರು ದೊಡ್ಡೋರು, ಅವರ ಕಣ್ಣಿಗೆ ಶ್ರಮ ಕೊಡಬಾರದು."

ಆಕೆ ವಾದ ಮಾಡಿದಳು, ಉದಾಹರಣೆ ಕೊಟ್ಟಳು, ಹಾಳೆಯ ಮೇಲೆ ಬರೆದು ತೋರಿಸಿದಳು. ಗೋಡೆಗೆ ಹೇಳಿದ್ದರೆ ಅದಾದರೂ ಪ್ರತಿಧ್ವನಿಸುತ್ತಿತ್ತೋ ಏನೋ. ಕೊನೆಗೆ ಸಾಕಾಗಿ, ಹಾಳಾಗಿಹೋಗಲಿ ಎಂದು ಒಪ್ಪಿಕೊಂಡಳು. ಹೊರಡುವಾಗ ಪ್ರಾಂಶುಪಾಲರು ಇನ್ನೊಂದು ಮಾತು ಸೇರಿಸಿದರು: ಅರ್ಧ ಅಥವಾ ಅದಕ್ಕಿಂತ ಹೆಚ್ಚು ಕೆಂಪಾದ ಪಾಠಗಳನ್ನು ಮುಂದಿನ ವರ್ಷದಿಂದ ಮುಚ್ಚಬೇಕೆಂದು ಮಂಡಳಿಯ ಮುಂದೆ ಇಡುತ್ತಾರಂತೆ.

ಅಲ್ಲಿಂದ ಮುಂದೆ ಆಕೆಗೆ ಉಸಿರಾಡಲು ಪುರುಸೊತ್ತಿಲ್ಲದ ಹಾಗಾಯಿತು. ಪಾಠದ ನಡುವೆ ಅಟೆಂಡರ್ ಬಾಗಿಲಲ್ಲಿ ನಿಂತು ಕೆಮ್ಮುವುದು, "ಸಾಹೇಬ್ರು ಕರೀತಿದ್ದಾರೆ ಮೇಡಂ, ಅದೇ ಬಣ್ಣದ ವಿಷಯ" ಎನ್ನುವುದು, ಆಕೆ ಸೀಮೆಸುಣ್ಣ ಕೆಳಗಿಟ್ಟು ಮೆಟ್ಟಿಲಿಳಿಯುವುದು. ಮುಖಪುಟಕ್ಕೆ ನೀಲಿಯೋ ಬೂದಿಯೋ, ಪುಟದ ಅಂಚಿಗೆ ಗೆರೆ ಬೇಕೋ ಬೇಡವೋ. ಪ್ರಪಂಚ ಮುಳುಗಿಹೋಗುವಂಥ ಪ್ರಶ್ನೆಗಳು!

ಅಂಕಗಳನ್ನೆಲ್ಲ ತುಂಬಿಸಿ ವೃತ್ತಗಳನ್ನು ತೆಗೆಯತೊಡಗಿದ ದಿನ, ಹಸಿರು ಪುಟಗಳ ನಡುವೆ ಒಂದು ವೃತ್ತ ಸರಿಯಾಗಿ ಅರ್ಧ ಕೆಂಪಾಗಿ ಪರದೆಯ ಮೇಲೆ ಬಂದು ನಿಂತಿತು. ಯಾರಪ್ಪಾ ಈ ಪುಣ್ಯಾತ್ಮ ಎಂದು ಹೆಸರು ನೋಡಿದರೆ, ಆಕೆಯದೇ. ಸಮೀಕ್ಷೆಯ ಪಾಠ. ನಾಲ್ವರಲ್ಲಿ ಇಬ್ಬರು ಎರಡೆರಡು ಅಂಕ ಹಾಕಿದ್ದರು.

ಇನ್ನೂರು ಹುಡುಗರ ಪಾಠದಷ್ಟೇ ದಪ್ಪಗೆ, ಪುಟದ ತುಂಬ, ಆಕೆಯ ಅರ್ಧ ಕೆಂಪು ಕೂತಿತ್ತು. ಹಳೆಯ ಪದ್ಧತಿಯಲ್ಲಾಗಿದ್ದರೆ ಅದು ಬಟಾಣಿ ಕಾಳಿನಷ್ಟಿರುತ್ತಿತ್ತು, ಇದು ಇಬ್ಬರ ಮಾತು ಎಂದು ಯಾರಿಗಾದರೂ ತಿಳಿಯುತ್ತಿತ್ತು. ಈಗ ಹೋಗಿ ಅಳತೆಯ ಮಾತೆತ್ತಿದರೆ? ತನ್ನ ಬುಡಕ್ಕೆ ಬಂದಾಗ ನಿಯಮ ನೆನಪಾಯಿತು ನೋಡು ಎನ್ನದೆ ಬಿಡುತ್ತಾರಾ? ಬಣ್ಣದ ಡಬ್ಬಿ ತನ್ನ ಕೈಯಲ್ಲೇ ಇದ್ದೂ ಏನೂ ಮಾಡುವ ಹಾಗಿಲ್ಲ. ಇದಕ್ಕಿಂತ ತಲೆ ಚಚ್ಚಿಕೊಳ್ಳುವಂಥದ್ದು ಇನ್ನೇನಿದೆ?

ಆದರೂ ಒಳಗೆಲ್ಲೋ ಒಂದು ಹೆಮ್ಮೆಯಿತ್ತು. ಮುಖ ನೋಡಿ ಕೊಡಬೇಡಿ ಎಂದಿದ್ದೆ, ಹಾಗೇ ಮಾಡಿದ್ದಾರೆ. ಉಳಿದವರೆಲ್ಲ ಕಣ್ಣುಮುಚ್ಚಿ ಐದು ಹಾಕಿರುವಾಗ ನನ್ನ ಹುಡುಗರು ಮಾತ್ರ ಯೋಚಿಸಿ ಹಾಕಿದ್ದಾರೆ, ಅದಕ್ಕೇ ಹೀಗಾಗಿದೆ. ಈ ಸಮಾಧಾನವನ್ನೇ ಕಟ್ಟಿಕೊಂಡು ಪ್ರಾಂಶುಪಾಲರ ಬಳಿ ಹೋದಳು.

ಅವರು ಚಿತ್ರ ನೋಡಿ ನಕ್ಕರು. "ಅಯ್ಯೋ, ನಿಮ್ಮದೇನಾ? ಇದಕ್ಕೆ ಯಾಕಿಷ್ಟು ತಲೆ ಕೆಡಿಸ್ಕೊಳ್ತೀರಿ? ಇರೋದೇ ನಾಲ್ಕು ಜನ. ಇನ್ನೊಂದ್ಸಲ ಹಾಳೆ ಕೊಡಿ. ನಗ್ತಾ ಕೊಡಿ. ಎಲ್ಲ ಸರಿಹೋಗುತ್ತೆ."

ಇಲ್ಲ ಎನ್ನಬೇಕೆಂದು ಬಾಯಿ ತೆರೆದಳು. ಪಾಠ ಕೈತಪ್ಪಿ ಹೋಗುವುದು ಕಣ್ಣೆದುರಿಗೆ ಬಂದು ಬಾಯಿ ಮುಚ್ಚಿದಳು. ಮರುದಿನ ಚೀಲದಲ್ಲಿ ನಾಲ್ಕು ಖಾಲಿ ಹಾಳೆ ಇಟ್ಟುಕೊಂಡು, ಕಳ್ಳಮಾಲು ಹೊತ್ತವಳ ಹಾಗೆ ಮೆಟ್ಟಿಲು ಹತ್ತಿದಳು.

ಹಾಳೆಗಳನ್ನು ಮೇಜಿನ ಮೇಲಿಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ಪಾಠ ಮುಚ್ಚಿಹೋಗುತ್ತದೆ, ಬೇಕಿದ್ದರೆ ಇನ್ನೊಮ್ಮೆ ತುಂಬಬಹುದು ಎಂದಿದ್ದಾರೆ. ಹಿಂದೆ ಕೂತಿದ್ದ ಉದ್ದನೆಯ ಹುಡುಗ ಎದ್ದು ಬಂದು ಒಂದು ಹಾಳೆ ಎತ್ತಿಕೊಂಡ. "ಐದು ಹಾಕ್ಬೇಕಾ ಮೇಡಂ? ಹಾಕ್ತೀನಿ ಬಿಡಿ, ಅದಕ್ಕೇನಂತೆ."

ಅವನು ಅಷ್ಟು ಸಲೀಸಾಗಿ ಹೇಳಿದ್ದು ಆಕೆಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. ಮುಂದಿನ ಬೆಂಚಿನ ಕನ್ನಡಕದ ಹುಡುಗಿ ಮಾತ್ರ ಹಾಳೆ ಮುಟ್ಟಲಿಲ್ಲ.

"ಮೇಡಂ, ಮುಖ ನೋಡಿ ಕೊಡ್ಬೇಡಿ ಅಂತ ನೀವೇ ಹೇಳಿದ್ರಿ."

"ಹೇಳಿದ್ದೆ. ಅದಕ್ಕೇ ನೀವು ಹಾಗೆ ಹಾಕಿದ್ದೀರಿ ಅಂತ ನನಗೊತ್ತು. ನನಗೇನೂ ಬೇಜಾರಿಲ್ಲ."

"ಅದಕ್ಕೆ ಅಲ್ಲ ಮೇಡಂ." ಹುಡುಗಿ ಕನ್ನಡಕ ತೆಗೆದು ಒರೆಸಿಕೊಂಡಳು. "ಯಾಕೆ ಅಂತ ಬರೆಯೋಣ ಅಂದ್ರೆ ಈ ಸಲ ಜಾಗವೇ ಇರ್ಲಿಲ್ಲ. ನೀವು ಬಂದ ದಿನ ಪಾಠ ತುಂಬಾ ಚೆನ್ನಾಗಿರುತ್ತೆ. ಆದ್ರೆ ನೀವು ಬರೋದೇ ಇಲ್ವಲ್ಲ ಮೇಡಂ. ಬಂದ್ರೂ ಅಟೆಂಡರ್ ಕೆಮ್ಮಿದ ತಕ್ಷಣ ಎದ್ದು ಹೋಗ್ತೀರಿ. ಎರಡೇ ನಿಮಿಷ ಅಂತೀರಿ, ನಾವು ಗಂಟೆ ಹೊಡೆಯೋ ತನಕ ಕಾಯ್ತೀವಿ. ಅದಕ್ಕೇ ನಾನು ಎರಡು ಹಾಕಿದ್ದು. ಕೇಳಿದ್ರೆ ಈಗ್ಲೂ ಎರಡೇ ಹಾಕ್ತೀನಿ."

ಉದ್ದನೆಯ ಹುಡುಗ ಹಾಳೆಯನ್ನು ಮೆತ್ತಗೆ ವಾಪಸ್ ಇಟ್ಟ. "ಇನ್ನೊಂದು ಎರಡು ನಂದೇ ಮೇಡಂ," ಎಂದು ನೆಲ ನೋಡಿದ.

ಆಕೆ ನಾಲ್ಕು ಹಾಳೆಗಳನ್ನೂ ಕೂಡಿಸಿ ಚೀಲಕ್ಕೆ ಹಾಕಿಕೊಂಡಳು. ಅವರ ಅಂಕಗಳಿಗೆ ಬಣ್ಣ ಹಚ್ಚಲೆಂದೇ ಅವರನ್ನು ಬಿಟ್ಟು ಹೋಗುತ್ತಿದ್ದೆ ಎಂದು ಆ ಹುಡುಗಿಗೆ ಹೇಗೆ ಹೇಳುವುದು? ಸಿಟ್ಟು ಪ್ರಾಂಶುಪಾಲರ ಮೇಲೆ ಬಂತು, ಅಟೆಂಡರ್‌ನ ಕೆಮ್ಮಿನ ಮೇಲೆ ಬಂತು, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆ ಬಂತು. ಬರೆಯುವ ಜಾಗ ಹೋದದ್ದಕ್ಕೆ ನಿಟ್ಟುಸಿರು ಬಿಟ್ಟಿದ್ದವಳು ತಾನೇ.

ಗಂಟೆ ಹೊಡೆದ ಮೇಲೆ ನೇರ ಕೆಳಗಿಳಿದು, ಪ್ರಾಂಶುಪಾಲರ ಮೇಜಿನ ಮೇಲೆ ಪೆನ್‌ಡ್ರೈವ್ ಇಟ್ಟಳು.

"ಸರ್, ಪುಸ್ತಕ ಅರ್ಧ ಆಗಿದೆ. ನನ್ನ ವೃತ್ತ ಇದ್ದ ಹಾಗೇ ಇದೆ, ಕೆಂಪೇ. ಉಳಿದದ್ದನ್ನ ಬೇರೆ ಯಾರ ಕೈಲಾದ್ರೂ ಮಾಡಿಸ್ಕೊಳ್ಳಿ. ನನಗೆ ಕ್ಲಾಸ್ ಇದೆ."

"ಏನ್ರೀ ಇದು, ಮಂಡಳಿ ಮೀಟಿಂಗ್ ತಲೆ ಮೇಲಿರುವಾಗ! ಒಂದು ಮಾತು ಹೇಳ್ಲಾ? ಆ ಕ್ಲಾಸ್ ಮುಚ್ಚಿಹೋದ್ರೆ ನಿಮಗೇ ಅನುಕೂಲ. ಪೂರ್ತಿ ಟೈಮನ್ನ ಈ ಪುಸ್ತಕಕ್ಕೇ ಕೊಡಬಹುದು."

ಅವರು ಅದನ್ನು ವ್ಯಂಗ್ಯಕ್ಕೆ ಹೇಳಲಿಲ್ಲ. ಮನಸಾರೆ, ಒಳ್ಳೆಯದಾಗಲಿ ಎಂದೇ ಹೇಳಿದರು. ಅದನ್ನೇ ಆಕೆಗೆ ತಡೆದುಕೊಳ್ಳಲಾಗಲಿಲ್ಲ. "ಆಗಲ್ಲ ಸರ್," ಎಂದಳು. ಇಷ್ಟು ವರ್ಷ ಗಂಟಲಲ್ಲೇ ಸಿಕ್ಕಿಕೊಂಡಿದ್ದ ಮಾತು ಇಷ್ಟು ಚಿಕ್ಕದೇ ಎಂದು ಆಕೆಗೇ ಆಶ್ಚರ್ಯವಾಯಿತು. ಅವರು ಮೆಮೊ ಕೊಡುತ್ತೇನೆ ಎಂದರು. ಕೊಡಿ ಎಂದು ಬಂದುಬಿಟ್ಟಳು.

ಮನೆಯಲ್ಲಿ ಸುದ್ದಿ ಕೇಳಿ ಅತ್ತೆ ಚಾಕು ಕೆಳಗಿಟ್ಟರು. "ಅಂತೂ ಬಾಯಿ ಬಂತಲ್ಲ ನಿನಗೆ!" ಎಂದು ನಕ್ಕವರು, ಸೊಸೆಯ ಮುಖ ನೋಡಿ, "ಪಾಠ ಹೋಗೇಬಿಡುತ್ತಾ?" ಎಂದು ದನಿ ತಗ್ಗಿಸಿ ಕೇಳಿದರು. ಹೋಗುತ್ತದೆ ಎಂದೇ ಆಕೆಗೆ ಅನಿಸಿತ್ತು.

ಮಂಡಳಿಯ ಸಭೆಗೆ ಎಲ್ಲ ಅಧ್ಯಾಪಕರೂ ಬರಲೇಬೇಕು. ಆಕೆ ಹಿಂದಿನ ಸಾಲಿನಲ್ಲಿ ಕೂತಳು. ಅಟೆಂಡರ್ ಎಲ್ಲರಿಗೂ ಹೊಳೆಹೊಳೆಯುವ ಪುಸ್ತಕ ಹಂಚಿದ. ಯಾರ ಕೈಲಿ ಮುಗಿಸಿದರಪ್ಪಾ ಎಂದುಕೊಂಡು ತೆರೆದವಳಿಗೆ ಏನೋ ತಪ್ಪಿದೆ ಅನಿಸಿತು. ವೃತ್ತಗಳು ಒಂದೇ ಅಳತೆಯಲ್ಲಿರಲಿಲ್ಲ. ದೊಡ್ಡವು, ಚಿಕ್ಕವು, ಆಕೆಯ ಹಳೆಯ ಪದ್ಧತಿಯಲ್ಲೇ ಇದ್ದವು. ಪುಟ ತಿರುಗಿಸಿದಳು. ಗಣಿತದ ಹಿರಿಯ ಮೇಷ್ಟ್ರ ಹಳದಿ ವೃತ್ತ ಸಿಕ್ಕಿತು. ಅವರು ಹೋದ ವರ್ಷವೇ ನಿವೃತ್ತರಾಗಿ ಮನೆಗೆ ಹೋಗಿದ್ದರಲ್ಲ! ಇದು ಹೋದ ವರ್ಷದ ಪುಸ್ತಕ. ಮುಖಪುಟದ ಮೇಲೆ ಇಸವಿ ಮಾತ್ರ ಬದಲಾಗಿತ್ತು. ಆಕೆಯ ಪಾಠದ ಪುಟ್ಟ ವೃತ್ತವೂ ಒಂದು ಮೂಲೆಯಲ್ಲಿ ಹಸಿರಾಗಿ ಕೂತಿತ್ತು.

"ಈ ವರ್ಷದ ಪ್ರಗತಿ ಎದ್ದು ಕಾಣ್ತಿದೆ," ಎಂದರು ಅಧ್ಯಕ್ಷರು, ಪುಸ್ತಕವನ್ನು ದೂರ ಹಿಡಿದು ನೋಡುತ್ತ. "ಹಸಿರು ಬಹಳ ಚೆನ್ನಾಗಿ ಬಂದಿದೆ. ಮುಚ್ಚೋಂಥ ಪಾಠ ಯಾವುದೂ ಇಲ್ಲ ಅಂತಾಯ್ತು." ಪಕ್ಕದವರು ತಲೆಯಾಡಿಸಿದರು. ಪ್ರಾಂಶುಪಾಲರು ಯಾರ ಕಡೆಗೂ ನೋಡದೆ ಲೋಟದ ನೀರು ಕುಡಿದರು.

ಸುಮ್ಮನಿದ್ದರೆ ಪಾಠ ಉಳಿಯುತ್ತಿತ್ತು. ಆಕೆಗೆ ಅದು ಚೆನ್ನಾಗಿ ಗೊತ್ತಿತ್ತು. ಆದರೆ ಕನ್ನಡಕ ಒರೆಸಿಕೊಳ್ಳುತ್ತ ಈಗ್ಲೂ ಎರಡೇ ಹಾಕ್ತೀನಿ ಎಂದಿದ್ದ ಹುಡುಗಿಯ ಮುಂದೆ ನಾಳೆ ನಿಲ್ಲಬೇಕಿತ್ತು. ಎದ್ದು ನಿಂತಳು.

"ಸರ್, ಇದು ಈ ವರ್ಷದ್ದಲ್ಲ. ಹೋದ ವರ್ಷದ್ದು. ಈ ವರ್ಷ ನನ್ನ ಪಾಠ ಅರ್ಧ ಕೆಂಪಾಗಿದೆ. ಹುಡುಗರು ಹೇಳಿದ್ದು ಸರಿಯಾಗೇ ಇದೆ. ಈ ಪುಸ್ತಕದ ಕೆಲಸದಲ್ಲಿ ನಾನು ಪಾಠಕ್ಕೇ ಹೋಗ್ಲಿಲ್ಲ."

ಅಧ್ಯಕ್ಷರು ಪುಸ್ತಕ ಮುಚ್ಚಿ ಮುಖಪುಟ ನೋಡಿದರು, ತೆರೆದು ಒಳಗೆ ನೋಡಿದರು, ಪಕ್ಕದವರ ಮುಖ ನೋಡಿದರು.

"ಹೋದ ವರ್ಷದ್ದಾ? ಇರ್ಲಿ ಬಿಡಮ್ಮ, ಚೆನ್ನಾಗೇ ಇದೆಯಲ್ಲ," ಎಂದರು. "ಈ ವರ್ಷದ್ದನ್ನ ಮುಂದಿನ ವರ್ಷ ತೋರಿಸಿದ್ರಾಯ್ತು. ಹಾಂ, ಮುಂದಿನ ವಿಷಯ ಏನು? ಸೈಕಲ್ ಸ್ಟ್ಯಾಂಡಿನ ಚಾವಣಿ."

ಆಕೆ ನಿಂತೇ ಇದ್ದಳು. ಕೂಗಾಡಬೇಕೋ, ಬಿದ್ದು ಬಿದ್ದು ನಗಬೇಕೋ ತಿಳಿಯಲಿಲ್ಲ. ಪಾಠ ಉಳಿದಿತ್ತು, ಆದರೆ ಯಾರೋ ಅದನ್ನು ನೋಡಿ ಉಳಿಸಿದ್ದಲ್ಲ, ಯಾರೂ ನೋಡದೆ ಉಳಿದದ್ದು. ಇಷ್ಟು ವರ್ಷ ಕಣ್ಣು ಬಾತುಕೊಳ್ಳುವಂತೆ ಕೂತು ತುಂಬಿದ ಹಸಿರು, ಹಳದಿ, ಕೆಂಪನ್ನು ಈ ಮಹನೀಯರು ಒಂದು ದಿನವೂ ಓದಿರಲಿಲ್ಲ. ಇದಕ್ಕಾಗಿ ಆ ನಾಲ್ವರನ್ನು ಕಾಯಿಸಿದ್ದೆನಲ್ಲ ಎಂದುಕೊಂಡಳು.

ಚಾವಣಿ ತಗಡಿನದ್ದೋ ಸಿಮೆಂಟಿನದ್ದೋ ಎಂದು ಚರ್ಚೆ ಬಿಸಿಯಾಗುತ್ತಿದ್ದಂತೆ ಆಕೆಯ ಪಾಠದ ಗಂಟೆ ಹೊಡೆಯಿತು. ಪ್ರಾಂಶುಪಾಲರು ಕೂತ್ಕೊಳ್ಳಿ ಎಂದು ಕಣ್ಣಲ್ಲೇ ಸನ್ನೆ ಮಾಡಿದರು. ಆಕೆ ಪುಸ್ತಕವನ್ನು ಕುರ್ಚಿಯ ಮೇಲೇ ಬಿಟ್ಟು ಹೊರಗೆ ಬಂದಳು.

ಮೇಲಿನ ಕೋಣೆಯಲ್ಲಿ ನಾಲ್ವರೂ ಕೂತಿದ್ದರು. ಮೇಡಂ ಬರುವುದಿಲ್ಲ ಎಂದುಕೊಂಡು ಒಬ್ಬ ಚೀಲ ಹೆಗಲಿಗೇರಿಸಿದ್ದವನು ಗಡಿಬಿಡಿಯಲ್ಲಿ ಇಳಿಸಿದ. ಆಕೆ ಬಾಗಿಲು ಹಾಕಿ ಚಿಲಕ ಹಾಕಿದಳು.

"ಪಾಠ ಎಲ್ಲಿಗೆ ನಿಲ್ಲಿಸಿದ್ದೆ?" ಎಂದು ಕೇಳಿದಳು.

ನಾಲ್ವರೂ ಒಟ್ಟಿಗೆ ಬಾಯಿ ತೆರೆದರು. ನಾಲ್ವರೂ ಬೇರೆ ಬೇರೆ ಜಾಗ ಹೇಳಿದರು. ಹೇಳಿ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರದ್ದೂ ತಪ್ಪಿರಲಿಲ್ಲ. ಅಷ್ಟೂ ಕಡೆ ಆಕೆ ನಿಲ್ಲಿಸಿ ಎದ್ದು ಹೋಗಿದ್ದಳು. ಆಕೆ ನಾಲ್ಕನ್ನೂ ಬೋರ್ಡಿನ ಮೇಲೆ ಸಾಲಾಗಿ ಬರೆದಳು, ಎಲ್ಲಕ್ಕಿಂತ ಹಿಂದಿನದು ಯಾವುದೆಂದು ಹುಡುಕಿದಳು, ಅಲ್ಲಿಂದ ಶುರು ಮಾಡಿದಳು.